ಊದುವ ಕೊಳವೆ ಕೀಬೋರ್ಡ್ ಆದದ್ದು

ನನ್ನ ಕೈಬರಹ ಅಂಕುಡೊಂಕು. ಶಾಲೆ ಅರ್ಧಕ್ಕೇ ಬಿಟ್ಟವಳು, ಪದಗಳೂ ಕಡಿಮೆ. ಕ್ಷಮಿಸಿ. ಡೊರೀನ್ ಚಿಕ್ಕಮ್ಮನ ಬಗ್ಗೆ ತಪ್ಪು ಬರೆಯಬಾರದೆಂದು ಪ್ರತಿ ಸಾಲನ್ನೂ ಮತ್ತೆ ಓದಿದ್ದೇನೆ.

ಅಮೆರಿಕದ ಆರೆಗನ್ನಿನ ಹಿಲ್ಸ್‌ಬರೋದಲ್ಲಿ, ಮನೆಯ ಗರಾಜಿನಲ್ಲೇ ಚಿಕ್ಕಮ್ಮ ಕೈ ಆಡದವರಿಗಾಗಿ ಕೊಳವೆ ಮಾಡುತ್ತಾಳೆ. ಬಾಯಲ್ಲಿಟ್ಟು ಊದಿದರೆ, ಹೀರಿದರೆ ಕಂಪ್ಯೂಟರ್ ನಡೆಯುತ್ತದೆ. ಬೆಸುಗೆ ನನ್ನದು. ಕಂಪ್ಯೂಟರುಗಳು ಬದಲಾದಾಗಲೆಲ್ಲ ಅವಳು ಕೊಳವೆಯ ಡ್ರೈವರ್ ಎಂಬ ತಂತ್ರಾಂಶ ತಿದ್ದುತ್ತಾ ಕೂರುತ್ತಿದ್ದಳು. ಅದಿಲ್ಲದೆ ಕಂಪ್ಯೂಟರಿಗೆ ಕೊಳವೆಯ ಮಾತು ತಿಳಿಯದು.

ನಮ್ಮ ಬೀದಿಯ ವೆಂಡೆಲ್ ಮರ ಕಡಿಯುವಾಗ ಬಿದ್ದು ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡವನು. ತೆರಿಗೆ ಲೆಕ್ಕ ಮಾಡಿಕೊಡುವ ಪರವಾನಗಿಯ ಪರೀಕ್ಷೆ ಪಾಸಾದರೆ ಜನವರಿಯಿಂದ ಅವನಿಗೆ ಕೆಲಸ ಖಚಿತವಿತ್ತು. ಪರೀಕ್ಷಾ ಕೇಂದ್ರದಲ್ಲಿ ಅಲ್ಲಿನ ಕಂಪ್ಯೂಟರಿಗೆ ಕೊಳವೆಯ ತಂತಿ ಚುಚ್ಚಿದೆವು. ಪರದೆ ಡ್ರೈವರ್ ಕೇಳಿತು. ವೆಂಡೆಲ್‌ನ ಮನೆಯ ಕಂಪ್ಯೂಟರಿನಲ್ಲಿ ಅದು ಮೊದಲೇ ಇದ್ದುದರಿಂದ ನಮಗ್ಯಾರಿಗೂ ನೆನಪೇ ಆಗಿರಲಿಲ್ಲ.

"ಹೊರಗಿನ ತಂತ್ರಾಂಶ ಏನೂ ಹಾಕೋ ಹಾಗಿಲ್ಲ," ಎಂದಳು ಮೇಲ್ವಿಚಾರಕಿ. "ಇನ್ನು ಕಾಲು ಗಂಟೆಗೆ ಬಾಗಿಲು ಹಾಕ್ತೀವಿ."

ಚಿಕ್ಕಮ್ಮ ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದಳು.

"ಚುಚ್ಚಿದ ಕೂಡಲೇ ಎಲ್ಲ ಸಾಧನಾನೂ ತಾನು ಯಾವ ವರ್ಗ ಅಂತ ಹೇಳುತ್ತೆ ಕಣೇ," ಎಂದಳು ನನಗೆ. "ಕೀಬೋರ್ಡ್ ವರ್ಗ ಅಂದ್ರೆ ಮುಗೀತು, ಅದರ ಡ್ರೈವರ್ ಎಲ್ಲ ಕಂಪ್ಯೂಟರಲ್ಲೂ ಇರುತ್ತೆ. ನಾನು ದೊಡ್ಡಸ್ತಿಕೆಗೆ ನಮ್ಮದೇ ವರ್ಗ ಅಂತ ಬರೆದೆ."

"ಈಗ?" ಎಂದ ವೆಂಡೆಲ್.

"ಕೀಬೋರ್ಡ್ ಮಾಡ್ತೀನಿ. ಆದ್ರೆ ಮೆಲ್ಲಗೆ ಊದಿ ಪರದೆ ಮೇಲಿನ ಬಾಣ ನಡೆಸೋಕಾಗಲ್ಲ. ಊದಿದ್ರೆ ಮುಂದಿನ ಉತ್ತರ, ಹೀರಿದ್ರೆ ಆಯ್ಕೆ. ಅಷ್ಟೇ."

"ಬೇಸಿಗೆ ಪೂರ್ತಿ ಆ ಬಾಣ ಕಲಿತೆನಲ್ಲೇ, ಮಾರಾಯ್ತಿ!"

"ಬೈಯೋ ಉಸಿರು ಉಳಿಸ್ಕೊಳೋ. ಊದೋಕೆ ಬೇಕು."

ಅವಳು ಹೊಸ ಬರಹವನ್ನು ಲ್ಯಾಪ್‌ಟಾಪಿನಿಂದ ಕೊಳವೆಯೊಳಗಿನ ಚಿಪ್ಪಿಗೆ ಇಳಿಸಿದಳು. ಮೇಲ್ವಿಚಾರಕಿ ಬಾಗಿಲ ಹಿಡಿ ಹಿಡಿದು ನಿಂತಿದ್ದಳು. ವೆಂಡೆಲ್‌ನ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಓಡಿ ತಂತಿ ಚುಚ್ಚಿದೆ. ಪರದೆ ಏನೂ ಕೇಳಲಿಲ್ಲ. ವೆಂಡೆಲ್ ಊದಿದ, ಗುರುತು ಮುಂದಿನ ಉತ್ತರಕ್ಕೆ ಸರಿಯಿತು.

"ಇದೇನು?" ಎಂದಳು ಮೇಲ್ವಿಚಾರಕಿ.

"ಕೀಬೋರ್ಡ್, ಮೇಡಂ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವಳು ಸರಿ ಎಂದು ತಲೆಯಾಡಿಸಿ ಚಿಕ್ಕಮ್ಮನನ್ನೂ ನನ್ನನ್ನೂ ಹೊರಗೆ ಕಳಿಸಿದಳು.

ಹೊರಗೆ ಚಿಕ್ಕಮ್ಮ ಕಾಫಿ ತಂದಳು, ಕುಡಿಯಲಿಲ್ಲ. ಕೊನೆಗೆ ವೆಂಡೆಲ್‌ನ ಗಾಲಿಕುರ್ಚಿ ಬಾಗಿಲಲ್ಲಿ ಕಾಣಿಸಿತು. ಮುಖ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ.

"ತುಟಿ ಬಾತುಹೋಗಿದೆ," ಎಂದ. "ಪಾಸು."

ಚಿಕ್ಕಮ್ಮ ಈಗ ಬಾಣವನ್ನೂ ಮೌಸ್ ವರ್ಗದಲ್ಲಿ ಬರೆಯುತ್ತಿದ್ದಾಳೆ. ಅದಕ್ಕೂ ಎಲ್ಲೆಡೆ ಡ್ರೈವರ್ ಇದೆ. ನನಗೆ ಫೋನಿನಲ್ಲಿ ಮಾತಾಡಲು ಭಯ. ಆದರೂ ನಾಳೆ ಬೆಳಿಗ್ಗೆ ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಅವರ ಕೊಳವೆಗಳನ್ನೂ ಹೀಗೇ ತಿದ್ದಲು ತರಿಸಿಕೊಳ್ಳುತ್ತೇನೆ.