ಬೆಲ್ಲ ತಿನ್ನದ ಇಲಿ

ನಾನು ಕೆಲಸ ಮಾಡುವುದು ನಿಪ್ಪಾಣಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ, ಬಿಳಿ ಇಲಿಗಳ ಜೊತೆ. ಎಳೆಯ ಇಲಿಗಳಿಗೆ ಒಂದು ಔಷಧ ಚುಚ್ಚುತ್ತೇವೆ. ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಚದುರಿಕೊಂಡು ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಅದು ಕೊಲ್ಲುತ್ತದೆ. ಆಮೇಲೆ ಇಲಿಗೆ ನೀರು ಎಷ್ಟು ಕುಡಿದರೂ ಬಾಯಾರಿಕೆ, ಎಷ್ಟು ತಿಂದರೂ ಸೊರಗು. ಐದನೇ ಇಯತ್ತೆಯಲ್ಲಿ ಓದುವಾಗ ನಾನೂ ಹಾಗೇ ಸೊರಗಿದವಳು.

ಕಳೆದ ವರ್ಷ ಕೊಕಟನೂರಿನಿಂದ ಚಿಕ್ಕಮ್ಮನ ಮಗಳು, ನನ್ನ ತಂಗಿ, ಅಳುತ್ತ ಫೋನ್ ಮಾಡಿದಳು. ಅವಳ ಪುಟ್ಟ ಮಗಳಿಗೂ ಇದೇ ಸಕ್ಕರೆ ಕಾಯಿಲೆ. ಡಾಕ್ಟರು ಇನ್ಸುಲಿನ್ ಶುರು ಮಾಡಿದ್ದರೂ ಅವಳ ಅತ್ತೆ ಸೂಜಿ ಬಿಡಿಸಿ ನಾಟಿ ಔಷಧ ಕೊಡಿಸುತ್ತೇನೆಂದು ಹಟ ಹಿಡಿದಿದ್ದಳು. ಆ ಮನೆಯಲ್ಲಿ ಕುರಿ ಮಾರುವುದೂ ಮುದುಕಿಯ ಮಾತಿನಂತೆಯೇ. ಬೆಳಗಿನ ಸೂಜಿ ಆಗಲೇ ತಪ್ಪಿತ್ತು. ನಾನು ಸಿಕ್ಕ ಬಸ್ಸು ಹತ್ತಿದೆ.

ಹುಡುಗಿ ಕಂಬಕ್ಕೆ ಒರಗಿ ಕುಳಿತಿದ್ದಳು. ತುಟಿ ಒಣಗಿತ್ತು. ಅಕ್ಕಪಕ್ಕದವರೂ ಸೇರಿದ್ದರು.

“ನೀ ಕಲತಾಕಿ, ಖರೆ,” ಎಂದಳು ಮುದುಕಿ. “ಆದ್ರ ಇದು ಬೆಲ್ಲಾ ತಿಂದ ಬಂದದ್ದು. ಜೀವನಪೂರ್ತಿ ಸೂಜಿ ಅಂದ್ರ ಈಕೀನ ಯಾರ ಮಾಡ್ಕೋತಾರ?”

“ನಮ್ಮ ಇಲಿ ಬೆಲ್ಲಾ ತಿಂದಿಲ್ಲ, ಆಯಿ. ಇನ್ಸುಲಿನ್ ಮಾಡೂ ಜಾಗಾನ ಸತ್ತೈತಿ, ಅಷ್ಟ. ಇಲಿ ಮೈಯಾಗ ಅದನ್ನ ನಾವು ಔಷಧ ಹಾಕಿ ಕೊಲ್ಲತೇವಿ. ಈಕೀದನ್ನ ಈಕಿ ಮೈನ ಕೊಂದೈತಿ. ಇದರಾಗ ಈಕಿ ತಪ್ಪ ಏನೈತಿ?”

“ಇಲೀಗೂ ಹುಡುಗೀಗೂ ಏನ ಸಂಬಂಧ?”

“ಇನ್ಸುಲಿನ್ ಇಲ್ಲಾಂದ್ರ ಇಲಿ ಹೆಂಗ ಸಾಯ್ತೈತಿ ಅಂತ ನಾ ನೋಡೇನಿ. ಈಕೀನ ಹಂಗ ಸಾಯಾಕ ಬಿಡೂದಿಲ್ಲ.”

ನನ್ನ ಊಟದ ಹೊತ್ತೂ, ಊಟಕ್ಕೆ ಮೊದಲಿನ ಇನ್ಸುಲಿನ್ ಹೊತ್ತೂ ಆಗಿತ್ತು. ತವರಿನಲ್ಲಿ ಈ ಸೂಜಿಯನ್ನು ಬಾಗಿಲು ಹಾಕಿಕೊಂಡೇ ಚುಚ್ಚಿಕೊಳ್ಳಬೇಕಿತ್ತು. ಇಲ್ಲಿ ಎಲ್ಲರೆದುರು ಸೆರಗು ಸರಿಸಿ ಹೊಟ್ಟೆಗೆ ಚುಚ್ಚಿಕೊಂಡೆ. ಯಾರೋ ಮುಖ ತಿರುಗಿಸಿದರು. ಹುಡುಗಿ ಮಾತ್ರ ನೋಡುತ್ತಲೇ ಇದ್ದಳು.

“ದೊಡ್ಡವ್ವ, ನಿನಗೂ ಐತೇನ?” ಎಂದು ಕೇಳಿ, ತಾನೇ ಅಂಗಿ ಎತ್ತಿದಳು.

ತಂಗಿ ಅತ್ತೆಯ ಮುಖ ನೋಡಲಿಲ್ಲ. ಸೂಜಿ ತಂದು ಮಗಳಿಗೆ ಚುಚ್ಚಿದಳು. ಮುದುಕಿ ಎದ್ದು ಒಳಗೆ ಹೋದಳು. ನನಗೊಂದು ರೊಟ್ಟಿ ಸುತ್ತಿಕೊಂಡು, ಹುಡುಗಿಯನ್ನು ಎತ್ತಿಕೊಂಡು ಅಥಣಿಯ ಆಸ್ಪತ್ರೆಗೆ ಓಡಿದೆವು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ಮುದುಕಿ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬೀಗರಲ್ಲೆಲ್ಲ ನನ್ನನ್ನು ಗಯ್ಯಾಳಿ ಅನ್ನುತ್ತಾಳಂತೆ. ತಂಗಿ ಅಂಜುತ್ತಲೇ ಹೇಳಿದಳು.

“ಅನ್ಲಿ ಬಿಡು. ಸೂಜಿ ತಪ್ಪಸ್ತಾಳೇನ?”

“ಇಲ್ಲಕ್ಕಾ. ಸೂಜಿ ಟೈಮ್ ಆತು ಅಂತ ಈಗ ಆಕಿ ತಾನ ಒದರತಾಳ.”