ಬೇಗಂ ಬಜಾರ್‌ಗೆ ಒಂದು ಬ್ರೇಕಿನ ಯಾತ್ರೆ

ಶನಿವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕೊಂಡಾಪುರದಿಂದ ಹೊರಟೆ. ಸಾಮಾನು ಆಟೋದ ಹಿಂಭಾಗದಲ್ಲಿ ನನ್ನ ನಲವತ್ತೈದು ವರ್ಷದ ರೇಸಿಂಗ್ ಸೈಕಲ್ಲು, ಚಾಲಕನ ಪಕ್ಕದಲ್ಲಿ ನಾನು. ಬಾಡಿಗೆ ಆರುನೂರು ರೂಪಾಯಿ. ತುಳಿದುಕೊಂಡೇ ಹೋಗುತ್ತಿದ್ದೆ, ಆದರೆ ಸೈಕಲ್ಲಿಗೆ ನಿಲ್ಲುವುದೇ ಮರೆತುಹೋಗಿತ್ತು. ಹಿಂದಿನ ಭಾನುವಾರ ಎರಡೂ ಬ್ರೇಕ್ ಒತ್ತಿದರೂ ಜಾರಿಕೊಂಡು ಹೋಗಿ, ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿದ್ದ ಕಾವಲುಗಾರನ ಕುರ್ಚಿಗೆ ಗುದ್ದಿದ್ದೆ. ಪುಣ್ಯಕ್ಕೆ ಅವನು ಚಹಾಕ್ಕೆಂದು ಎದ್ದಿದ್ದ.

ಹೆಂಡತಿ ಸುಶೀಲಾ ಅಂದೇ ತೀರ್ಪು ಕೊಟ್ಟಿದ್ದಳು: "ಒಂದು ವಾರ ಟೈಮ್ ಐತ್ರೀ. ಗೇಟ್‌ನ್ಯಾಗ ನಿಲ್ಲಲಿಲ್ಲಂದ್ರ ಸೈಕಲ್ ಗುಜರಿಗೆ!"

ಎಂಟೂಕಾಲಿಗೆ ಬೇಗಂ ಬಜಾರ್ ತಲುಪಿದೆ. ಸೈಕಲ್ ಅಂಗಡಿ ತೆರೆಯುವುದು ಹತ್ತಕ್ಕೆ. ಶಟರಿಗೆ ಸೈಕಲ್ ಒರಗಿಸಿ, ಎದುರಿನ ಹೋಟೆಲಿನಲ್ಲಿ ಎರಡು ಇರಾನಿ ಚಹಾ, ನಾಲ್ಕು ಉಸ್ಮಾನಿಯಾ ಬಿಸ್ಕತ್ತು ಮುಗಿಸಿದೆ. ಬಿಸಿಲು ಆಗಲೇ ಚುರುಕಾಗಿತ್ತು.

ಮೆಕ್ಯಾನಿಕ್ ಶರಣಪ್ಪ ಬೀದರ್ ಕಡೆಯವರು. ಹೊಸ ಬ್ರೇಕ್ ರಬ್ಬರ್, ಹೊಸ ವೈರ್ ಎಂದು ನಾನು ಪಟ್ಟಿ ಓದತೊಡಗಿದೆ. ಅವರು ಕಿವಿಗೆ ಹಾಕಿಕೊಳ್ಳದೆ ಚಕ್ರದ ರಿಮ್ಮಿನ ಮೇಲೆ ಹೆಬ್ಬೆರಳು ಎಳೆದು ನನ್ನ ಮೂಗಿನ ಮುಂದೆ ಹಿಡಿದರು.

"ಎಣ್ಣಿ ಹಚ್ಚೀರೇನ್ರಿ ಕಾಕಾ?"

"ಎರಡು ತಿಂಗಳಾತು, ಪ್ರತಿ ಭಾನುವಾರ, ಆರೂವರೆಗೆ. ಇಷ್ಟು ಹಳೇದಾದ್ರೂ ತುಕ್ಕು ಐತೇನು ನೋಡ್ರಿ" ಎಂದೆ ಹೆಮ್ಮೆಯಿಂದ.

"ಭಾಳ ಚಲೋ ಆತು. ಬ್ರೇಕ್ ಹಿಡಿಯೋ ಜಾಗಕ್ಕ ಎಣ್ಣಿ! ಇದು ಸೈಕಲ್ ಅಲ್ರೀ, ಮಿರ್ಚಿ ಭಜಿ!"

ಅಂಗಡಿಯವರೆಲ್ಲ ನಕ್ಕರು, ಕಡೆಗೆ ನಾನೂ. ಶರಣಪ್ಪ ಥಿನ್ನರ್ ಹಾಕಿ ರಿಮ್ಮು ತಿಕ್ಕಿದರು. ಎಣ್ಣೆ ಕುಡಿದಿದ್ದ ರಬ್ಬರ್ ಕಿತ್ತು ಮೆತ್ತನೆಯ ಹೊಸದನ್ನು ಕೂಡಿಸಿದರು, ಬಿಗಿದುಕೊಂಡಿದ್ದ ವೈರನ್ನೂ ಬದಲಿಸಿದರು.

ಹಿಂದಿರುಗುವಾಗ ತುಳಿದೇ ಬಂದೆ. ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದಾರಿ, ನಡುವೆ ಎರಡು ಲೋಟ ಮಜ್ಜಿಗೆ. ಫ್ಲೈಓವರ್ ಇಳಿಜಾರಿನಲ್ಲಿ ಮುಂದಿನ ಬಸ್ಸು ತಟ್ಟನೆ ನಿಂತಿತು. ಬ್ರೇಕ್ ಒತ್ತಿದೆ. ಸೈಕಲ್ಲು ಬಸ್ಸಿಗಿಂತ ಎರಡು ಮಾರು ಹಿಂದೆಯೇ ನಿಂತಿತು.

ನಮ್ಮ ಗೇಟಿನ ನಡುವೆ, ಅದೇ ಕುರ್ಚಿಯಲ್ಲಿ, ಸುಶೀಲಾ ಕುಳಿತಿದ್ದಳು. "ಬರ್ರಿ, ನೋಡೇ ಬಿಡ್ತೀನಿ" ಎಂದಳು. ಎರಡೂ ಬ್ರೇಕ್ ಒತ್ತಿದೆ. ಮುಂಚಕ್ರ ಅವಳ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಆಮೇಲೆ ಭಾನುವಾರದ ಎಣ್ಣೆಯ ತಪ್ಪನ್ನೂ ಒಪ್ಪಿಕೊಂಡೆ.

ಕಣ್ಣೀರು ಬರುವವರೆಗೆ ನಕ್ಕು ಅವಳು ತೀರ್ಪು ತಿದ್ದಿದಳು: "ಹಂಗಾದ್ರ ಗುಜರಿಗೆ ಹೋಗಬೇಕಾದ್ದು ಎಣ್ಣಿ ಡಬ್ಬಿ!"

ಡಬ್ಬಿ ಹೋಯಿತು. ಭಾನುವಾರದ ಆರೂವರೆ ಮಾತ್ರ ತಪ್ಪಿಲ್ಲ. ಈಗ ಒಣ ಬಟ್ಟೆಯಲ್ಲಿ ಒರೆಸುತ್ತೇನೆ.