ಕಂಡಿಕೆಯಲ್ಲಿ ಬಂದ ಮೀನು

ಮೊನ್ನೆ ನನ್ನ ಕಂಪ್ಯೂಟರಿನಲ್ಲಿದ್ದ ಫೋಟೋಗಳೆಲ್ಲ ಕಾಣದೆ ಹೋದವು. ಮೊಮ್ಮಗಳಿಗೆ ಫೋನು ಮಾಡಿದೆ. ಅವಳಿರುವುದು ಹುಬ್ಬಳ್ಳಿಯಲ್ಲಿ, ನಾನಿರುವುದು ನರಗುಂದದಲ್ಲಿ. “ಅಜ್ಜಿ, ಒಂದು ನಂಬರ ಬರ್ತೈತಿ, ಅದನ್ನ ಹೇಳು. ಆಮ್ಯಾಲ ಏನೂ ಮುಟ್ಟಬ್ಯಾಡ” ಎಂದಳು. ಹೇಳಿದೆ. ತಗೋ! ನಾನು ಕೈ ಕಟ್ಟಿಕೊಂಡು ಕೂತಿದ್ದೇನೆ, ಪರದೆಯ ಮೇಲಿನ ಬಾಣ ತಾನೇ ಓಡಾಡತೊಡಗಿತು. “ಯಾರವಾ ಇದು, ಹೇಳದ ಕೇಳದ ಒಳಗ ಬಂದಾರ!” ಎಂದು ಗದರಿದೆ. “ನಾನಽ ಅಜ್ಜಿ” ಎಂದು ಅವಳು ಅಲ್ಲಿಂದಲೇ ನಕ್ಕಳು. ಫೋಟೋಗಳನ್ನು ಹುಡುಕಿ ಕೊಟ್ಟು, ತನ್ನ ಕಡೆಗೂ ಅವನ್ನು ಕಳಿಸಿಕೊಂಡಳು. “ನಿನ್ನ ಕಡೆ ಇದ್ದದ್ದು ಹಂಗಽ ಐತಿ, ನನ್ನ ಕಡೆನೂ ಬಂತು. ನಿಮ್ಮ ಕಾಲದಾಗ ಇಂಥಾದ್ದು ಎಲ್ಲಿತ್ತು?”

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇವರು ಹುಟ್ಟುವ ಮೊದಲು ನಾವೆಲ್ಲ ಕಣ್ಣು ಮುಚ್ಚಿಕೊಂಡು ಕೂತಿದ್ದೆವೇನು? ನನ್ನ ಮದುವೆಯ ಸೀರೆಯನ್ನು ನಮ್ಮಪ್ಪ ನರಗುಂದದ ದವಾಖಾನೆಯ ಮಂಚದ ಮೇಲೆ ಮಲಗಿಕೊಂಡು ಗಜೇಂದ್ರಗಡದ ಮಗ್ಗದಲ್ಲಿ ನೇಯ್ದ. ಆಗಿನ್ನೂ ಐವತ್ತರ ದಶಕ. ನಮ್ಮ ಓಣಿಗೆ ಕರೆಂಟು ಸಹ ಬಂದಿರಲಿಲ್ಲ.

ನಮ್ಮದು ಗಜೇಂದ್ರಗಡದಲ್ಲಿ ಸೀರೆ ನೇಯುವ ಮನೆ. ಪಡಸಾಲೆಯಲ್ಲಿ ಒಂದು ಕುಣಿ, ಅದರ ಮೇಲೆ ಮಗ್ಗ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆ ತುಳಿಯುತ್ತ ಅಪ್ಪ ನೇಯುತ್ತಿದ್ದ. ನೂಲನ್ನು ಕಂಡಿಕೆಗೆ ಸುತ್ತಿ ಕೊಡುವುದು ಅವ್ವನ ಮತ್ತು ನನ್ನ ಕೆಲಸ. ಬೆರಳುದ್ದದ ಆ ಕಂಡಿಕೆ ಲಾಳಿಯೊಳಗೆ ಕೂತು ಆಚೆಯಿಂದ ಈಚೆ ಓಡುತ್ತಿದ್ದರೆ ಸೀರೆ ಬೆಳೆಯುತ್ತಿತ್ತು. ನಮ್ಮ ಮನೆತನದಲ್ಲಿ ಹೆಂಗಸರು ಕುಣಿಗೆ ಇಳಿಯುವಂತಿರಲಿಲ್ಲ. ಯಾಕೆ ಎಂದು ಕೇಳಿದರೆ “ಇಳಿಯೂದಿಲ್ಲ, ಅಷ್ಟಽ” ಎನ್ನುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಮಗಳ ಮದುವೆಯ ಸೀರೆಗೆ ತಂದೆ ಹೊಸ ದಡಿ ಕಟ್ಟಬೇಕು. ದಡಿ ಎಂದರೆ ಸೀರೆಯ ಅಂಚು. ಅದುವರೆಗೆ ಯಾರ ಮೈಮೇಲೂ ಇರದ ಚಿತ್ತಾರವನ್ನು ಅವನು ತಲೆಯಲ್ಲಿ ಕಟ್ಟಿ, ದಡಿಯ ಎಳೆಗಳನ್ನು ಬಿದಿರು ಕಡ್ಡಿಯಿಂದ ಒಂದೊಂದಾಗಿ ಎತ್ತಿ ನೇಯಬೇಕು. ಸೀರೆ ಮುಗಿಯುವ ತನಕ ಹೆಂಡತಿಗೂ ಹೇಳುವಂತಿಲ್ಲ. ಮಗಳು ಅಂಗಡಿಯ ಸೀರೆ ಉಟ್ಟು ಅಕ್ಷತೆಗೆ ನಿಂತರೆ ನಮ್ಮ ಓಣಿಯವರು “ತಂದಿ ಇದ್ದೂ ಇಲ್ಲದಾಕಿ” ಎಂದು ಆಡಿಕೊಳ್ಳುತ್ತಿದ್ದರು. ನಾನು ಅಪ್ಪನಿಗೆ ಒಬ್ಬಳೇ ಮಗಳು. ಅವನ ದಡಿ ಉಡಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಗಂಡು ಹೇಗಿದ್ದಾನೆ ಎಂದು ಕೂಡ ಸರಿಯಾಗಿ ವಿಚಾರಿಸಿರಲಿಲ್ಲ.

ನಿಶ್ಚಿತಾರ್ಥವಾಯಿತು. ಅಪ್ಪ ಮಗ್ಗಕ್ಕೆ ಉದ್ದೆಳೆಗಳ ಹಾಸು ಹೂಡಿ, ಮೊದಲು ಸೆರಗು ನೇಯ್ದು ಮುಗಿಸಿದ. ದಡಿ ಇನ್ನು ಮುಂದೆ ಶುರುವಾಗಬೇಕು. ಅಷ್ಟರಲ್ಲಿ ಅಟ್ಟದ ಮೇಲಿನ ನೂಲಿನ ಗಂಟು ಇಳಿಸಲು ಹೋಗಿ ಏಣಿಯಿಂದ ಬಿದ್ದ. ಮೊಣಕಾಲು ಮುರಿಯಿತು. ಬೀಗರ ಊರಾದ ನರಗುಂದದ ದವಾಖಾನೆಯಲ್ಲಿ ಎಲುಬು ಚಲೋ ಕೂಡಿಸುತ್ತಾರೆಂದು ಅಲ್ಲಿಗೆ ಒಯ್ದರು. ಕಾಲಿಗೆ ಬಿಳಿಯ ಪಟ್ಟು ಹಾಕಿ ಮಲಗಿಸಿದರು. ಮದುವೆಯೊಳಗೆ ಬಿಡುವುದಿಲ್ಲ ಎಂದರು. ಮುಹೂರ್ತ ಮುಂದೂಡೋಣವೆಂದರೆ ಆ ವರ್ಷ ಅದರ ನಂತರ ಮುಹೂರ್ತವೇ ಇರಲಿಲ್ಲ.

ನಾನೂ ಅವ್ವನೂ ನೋಡಲು ಹೋದೆವು. ಅಪ್ಪ ಗೋಡೆಯ ಕಡೆ ಮುಖ ಮಾಡಿ, “ಅಂಗಡ್ಯಾಗ ಒಂದು ಸೀರಿ ತರ್ರಿ” ಎಂದ. ನಾನು ಅಳತೊಡಗಿದೆ.

ಅವ್ವ ಅಳಲಿಲ್ಲ. “ದಡಿ ಹ್ಯಾಂಗ ಅಂತ ನನಗ ಹೇಳ್ರಿ. ನಾ ನೇಯ್ತೀನಿ.”

“ನೀನಽ? ಕುಣಿಗೆ ಇಳೀತೀಯ?”

“ನೀವು ಸಂತಿಗೆ ಹೋದಾಗೆಲ್ಲ ಇಳಿದೀನಿ. ನಿಮ್ಮ ಸೀರಿ ಒಡಲಾಗ ನನ್ನ ಕೈ ಎಷ್ಟೈತಿ ಅಂತ ನಿಮಗೇನು ಗೊತ್ತು?”

ಅಪ್ಪ ಗೋಡೆಯಿಂದ ಮುಖ ತಿರುಗಿಸಿ ಅವಳನ್ನು ನೋಡಿದ. ನನಗೆ ಅಳು ನಿಂತೇಹೋಯಿತು. ಕೊನೆಗೆ ಅವನು, “ಅದು ಬಾಯಿಲೆ ಹೇಳಾಕ ಬರಂಗಿಲ್ಲ. ಎಳಿ ಮ್ಯಾಲ ಕೈ ಇಟ್ರ ಬರ್ತೈತಿ” ಎಂದ. ಸುಳ್ಳಲ್ಲ ಅದು. ಬರೆದು ಕೊಡೋಣವೆಂದರೆ ಅವನಿಗೆ ಅಕ್ಷರವಿಲ್ಲ, ಇವಳಿಗೂ ಇಲ್ಲ. ನನಗೆ ಸ್ವಲ್ಪ ಬರುತ್ತಿತ್ತು, ಆದರೆ ಮದುಮಗಳು ತನ್ನ ದಡಿಯ ವಿಷಯ ಕೇಳಿಸಿಕೊಳ್ಳಲೇಬಾರದು ಎಂದು ಅವ್ವ ನನ್ನನ್ನು ಆಗಲೇ ಎಬ್ಬಿಸಿ ಬಾಗಿಲ ಹೊರಗೆ ನಿಲ್ಲಿಸಿದಳು. ನಾನು ಸಂದಿಯಿಂದ ನೋಡಿದೆ, ಕೇಳಿಸಿಕೊಂಡೆ, ಆ ಮಾತು ಬೇರೆ.

ಅವ್ವ ಉಡಿಯೊಳಗಿಂದ ನೂಲನ್ನೂ ಒಂದು ಖಾಲಿ ಕಂಡಿಕೆಯನ್ನೂ ತೆಗೆದಳು. ಮಂದಿ ಎಲೆ ಅಡಿಕೆ ಇಟ್ಟುಕೊಂಡು ತಿರುಗುವಂತೆ ಅವಳು ಅವನ್ನು ಇಟ್ಟುಕೊಂಡೇ ತಿರುಗುತ್ತಿದ್ದಳು. “ಎಳಿ ಎತ್ತೂ ಕಡೆ ಒಂದು ಗಂಟು ಹಾಕ್ರಿ. ಎತ್ತಬಾರದ ಕಡೆ ಹಂಗಽ ಬಿಡ್ರಿ. ಒಂದು ಸಾಲು ಮುಗೀತಂದ್ರ ಒಂದು ಕೆಂಪು ನೂಲು ಕಟ್ರಿ. ಬಸ್ಸಿನ ಕಂಡಕ್ಟರನ ಕೈಯಾಗ ಕಳಸ್ರಿ” ಎಂದು ಅವನ ಕೈಯಲ್ಲಿಟ್ಟಳು. ಯಾವ ಶಾಲೆಯಲ್ಲಿ ಕಲಿತಿದ್ದಳೋ ತಾಯಿ!

ಅಪ್ಪ ಬೇರೆ ಕೆಲಸವಿಲ್ಲದೆ ಮಲಗಿದಲ್ಲೇ ಗಂಟು ಹಾಕುತ್ತ ಹೋದ, ಹಾಕಿದಂತೆ ಕಂಡಿಕೆಗೆ ಸುತ್ತುತ್ತ ಹೋದ. ಒಂದು ದಿನ ಕಂಡಕ್ಟರ ನಮ್ಮ ಮನೆ ಹುಡುಕಿಕೊಂಡು ಬಂದು, ಟೊಪ್ಪಿಗೆಯೊಳಗಿಂದ ಕಂಡಿಕೆ ತೆಗೆದು ಕೊಟ್ಟ. “ತಗೋರಿ ಅಕ್ಕಾರ. ಒಬ್ಬೊಬ್ಬರು ಗಂಡಂದಿರು ಮಲ್ಲಿಗಿ ಹೂ ಕಳಸ್ತಾರ, ನಿಮ್ಮ ಯಜಮಾನ್ರು ಸಿಕ್ಕುಸಿಕ್ಕು ನೂಲು ಕಳಿಸ್ಯಾರ” ಎಂದ. ಅವ್ವನ ಮುಖ ಕೆಂಪೇರಿತು. “ಬಾಯಿ ಮುಚ್ಕೊಂಡು ಚಾ ಕುಡಿ ತಮ್ಮಾ” ಎಂದಳು.

ಅವ್ವ ಮಗ್ಗಕ್ಕೆ ಕೈ ಮುಗಿದು ಕುಣಿಗೆ ಇಳಿದಳು. ಕಂಡಿಕೆಯನ್ನು ಮಗ್ಗದ ಕಂಬಕ್ಕೆ ಸಿಕ್ಕಿಸಿ, ಬಂದಷ್ಟು ನೂಲನ್ನು ಬಿಚ್ಚುತ್ತ, ಬೆರಳಲ್ಲಿ ಗಂಟು ಸವರುತ್ತ, ಎಳೆ ಎತ್ತಿ ಲಾಳಿ ಒಗೆಯತೊಡಗಿದಳು. ಓಣಿಯ ಹೆಂಗಸರಿಗೆ ಸುದ್ದಿ ಹತ್ತಿತು. ಬೆಂಕಿ ಕೇಳುವ ನೆಪ, ಮಜ್ಜಿಗೆ ಕೇಳುವ ನೆಪ ಹಿಡಿದು ಬಂದು, “ಅಯ್ಯ ಶಿವನಽ, ಕುಣಿಯಾಗ ಕುಂತಾಳ!” ಎಂದು ಗಲ್ಲಕ್ಕೆ ಕೈ ಹಚ್ಚಿದರು. ಅವ್ವ ತಲೆ ಎತ್ತಲಿಲ್ಲ.

ಮೊದಲು ಎರಡು ಕವಲಿನ ಏನೋ ಒಂದು ಮೂಡಿತು. ಆಮೇಲೆ ಅಗಲವಾಗುತ್ತ ಹೋಯಿತು. ಎಲೆ ಇರಬೇಕು ಎಂದುಕೊಂಡೆವು. ಕೊನೆಗೆ ಒಂದು ಕಡೆ ಗಂಟಿನ ಮೇಲೆ ಗಂಟು ಬಿದ್ದಿತ್ತು. ಅಪ್ಪನ ಕೈ ತಪ್ಪಿದೆಯೋ, ಬೇಕೆಂದೇ ಹಾಕಿದ್ದಾನೋ ತಿಳಿಯಲಿಲ್ಲ. ಅವ್ವ ಆ ಸಾಲನ್ನು ಅಲ್ಲಿಗೇ ನಿಲ್ಲಿಸಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಂಡಕ್ಟರನ ಕೈಯಲ್ಲಿ ಕೊಟ್ಟು, “ಜೋಡಗಂಟು ಖರೇನಽ ಐತೇನು ಕೇಳು” ಎಂದು ಹೇಳಿಕಳಿಸಿದಳು. ಮರುದಿನ ಅವನು ಬಸ್ಸು ನಿಲ್ಲಿಸಿದವನೇ ಓಡಿ ಬಂದ. “ಖರೇ ಐತಂತ ಅಕ್ಕಾರ! ಬಿಚ್ಚಬ್ಯಾಡ್ರಂತ. ಅದು ಕಣ್ಣಂತ!”

ಅವ್ವ ಕಣ್ಣನ್ನು ನೇಯ್ದಳು. ಬಗ್ಗಿ ನೋಡಿದಳು. ಅದು ಎಲೆಯಲ್ಲ, ಮೀನು.

ನಮ್ಮವ್ವನ ತವರು ಮೆಣಸಗಿ, ಮಲಪ್ರಭೆಯ ದಂಡೆ. ಗಜೇಂದ್ರಗಡದ ಗುಡ್ಡದ ಕೆಳಗೆ ಸೊಸೆಯಾಗಿ ಬಂದ ಮೇಲೆ ಅವಳು ಬೇಸಿಗೆ ಬಂದಾಗೆಲ್ಲ, “ನಮ್ಮೂರ ಹೊಳ್ಯಾಗ ಕಾಲಿಟ್ರ ಮೀನ ಬಂದು ಬೆರಳು ಕಚ್ಚತಿದ್ವು” ಎನ್ನುತ್ತಿದ್ದಳು. ಅಪ್ಪ ಒಂದು ದಿನವೂ ಹೂಂ ಎಂದವನಲ್ಲ. ಕೇಳಿಸಿಕೊಂಡಿದ್ದಾನೆಂದು ನಮಗೆ ಗೊತ್ತೇ ಇರಲಿಲ್ಲ. ಅವ್ವ ಕುಣಿಯಲ್ಲಿ ಕೂತಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, “ಮೈಲಿಗಿ ಅಂತಾರೇನೋ ಮಂದಿ, ಅನ್ಲಿ” ಎಂದು ಮುಂದಿನ ಮೀನಿಗೆ ಕೈ ಹಾಕಿದಳು. ಅದೇ ನೂಲನ್ನು ಸುತ್ತುವುದು, ಬಿಚ್ಚುವುದು, ಮತ್ತೊಂದು ಮೀನು. ಮದುವೆಯ ಹಿಂದಿನ ದಿನ ಸೀರೆ ಮಗ್ಗದಿಂದ ಇಳಿಯಿತು.

ನಾನು ಅದನ್ನುಟ್ಟು ಅಕ್ಷತೆಗೆ ನಿಂತೆ. ಯಾರೂ ಮೈಲಿಗೆ ಎನ್ನಲಿಲ್ಲ. ದಡಿ ಹಿಡಿದು ಹಿಡಿದು ನೋಡಿದರು. ನೋಡಬೇಕಾದವನೊಬ್ಬ ಮಾತ್ರ ಅಲ್ಲಿರಲಿಲ್ಲ. ಮರುದಿನ ನನ್ನನ್ನು ನರಗುಂದಕ್ಕೆ ಕರೆದೊಯ್ಯುವಾಗ ಅವ್ವನೂ ಜೊತೆಗೆ ಬಂದಳು. ಹೊಸ ಸೊಸೆ ಮನೆ ತುಂಬುವ ಮೊದಲು ದವಾಖಾನೆಯ ಮೆಟ್ಟಿಲು ಹತ್ತುವುದೆಂದರೆ ಅಪಶಕುನ. ಬಸ್ಸಿನಲ್ಲಿ ನಾನು ಇದನ್ನೇ ಯೋಚಿಸುತ್ತ ಕೂತಿದ್ದೆ. ನರಗುಂದದಲ್ಲಿ ಇಳಿದದ್ದೇ ನನ್ನ ಅತ್ತೆ, “ಮೊದಲ ನಿಮ್ಮಪ್ಪಗ ಸೀರಿ ತೋರಿಸಿ ಬರೂಣು ನಡಿ. ನಮ್ಮ ಮನಿ ಎಲ್ಲಿ ಓಡಿ ಹೊಕ್ಕೈತಿ” ಎಂದರು. ಆ ಒಂದು ಮಾತಿಗೆ ನಾನು ಆ ಮನೆಯಲ್ಲಿ ಜೀವಮಾನವೆಲ್ಲ ದುಡಿದೆ, ಬೇಸರವಿಲ್ಲ.

ಅಪ್ಪ ದಿಂಬಿಗೆ ಒರಗಿ ಕೂತಿದ್ದ. ನಾನು ಕಾಲಿಗೆರಗಿದೆ. ಅವನು ದಡಿಯನ್ನು ಕೈಯಲ್ಲಿ ಹಿಡಿದು ಸೆರಗಿನಿಂದ ಕೆಳಗೆ ಬೆರಳಾಡಿಸಿದ. ಹುಬ್ಬು ಗಂಟಾಯಿತು. ಮತ್ತೊಮ್ಮೆ ಬೆರಳಾಡಿಸಿದ.

“ಕಂಡಿಕಿ ಪೂರಾ ಬಿಚ್ಚಿ ಬುಡದಿಂದ ಓದಲಿಲ್ಲೇನು ನೀ?” ಎಂದ.

“ಯಾಕ? ಮೊದಲ ಬಂದದ್ದನ್ನ ಮೊದಲ ನೇಯ್ದೆ.”

“ನಾ ಕಡೀಗೆ ಸುತ್ತಿದ್ದು ನಿನಗ ಮೊದಲ ಬಂದೈತಿ. ನನ್ನ ಮೀನದ ಮಾರಿ ಸೆರಗಿನ ಕಡೆ ಇತ್ತು. ಗಂಡನ ಮನಿಗೆ ಮುಂದ ಹೋಗ್ಲಿ ಅಂತ ಬಿಟ್ಟಿದ್ದೆ. ಎಲ್ಲಾ ಹೊಳ್ಳಿ ನಿಂತಾವಲ್ಲ!”

ನಾನು ದಡಿ ನೋಡಿಕೊಂಡೆ. ಹೌದು, ಒಂದೊಂದು ಮೀನೂ ಸೆರಗಿಗೆ ಬಾಲ ತೋರಿಸಿಕೊಂಡು ನಿಂತಿತ್ತು. ಹುಟ್ಟಿದಾಗಿನಿಂದ ಕಂಡಿಕೆ ಸುತ್ತಿದ ಕೈ ಅವ್ವನದು. ಕಂಡಿಕೆಯಿಂದ ಮೊದಲು ಬಿಚ್ಚಿ ಬಂದ ನೂಲೇ ಮೊದಲು ಬಟ್ಟೆಯಾಗಬೇಕು ಎನ್ನುವುದು ಅವಳ ರಕ್ತದಲ್ಲೇ ಇತ್ತು. ಆದರೆ ಅವ್ವ ಸೋಲುವ ಪೈಕಿಯಲ್ಲ. “ಮೀನ ಹರಿಯೂ ನೀರಿಗೆ ಎದುರಽ ಈಜತಾವ. ಹೊಳೀ ದಂಡ್ಯಾಗ ಬೆಳದಾಕಿ ನಾ, ನೀವಲ್ಲ” ಎಂದಳು.

“ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ” ಎಂದ ಅಪ್ಪ. ಹೇಳಿ ನಕ್ಕ. ಅತ್ತೆಯೂ ನಕ್ಕರು. ನನಗೆ ಹೋದ ಜೀವ ಬಂದಂತಾಯಿತು.

ನಗುತ್ತಲೇ ಅವನು ದಡಿಯನ್ನು ಮತ್ತೆ ಸವರಿದ. “ಎಳಿ ಒಂದೂ ತಪ್ಪಿಲ್ಲ” ಎಂದ ಮೆಲ್ಲಗೆ. “ನಾ ಮನೀಗೆ ಬಂದ ಮ್ಯಾಲೂ ಕುಣಿಗೆ ನೀನಽ ಇಳಿ. ಕಂಡಿಕಿ ನಾ ಸುತ್ತತೀನಿ.”

“ನನಗ್ಯಾಕ ಬೇಕು? ಕಾಲು ನೆಟ್ಟಗಾದ ಮ್ಯಾಲ ನಿಮ್ಮ ಮಗ್ಗ ನೀವಽ ನೋಡ್ಕೋರಿ.”

“ಡಾಕ್ಟರು ನಿನ್ನೆ ಹೇಳಿದ್ರು. ಈ ಮೊಣಕಾಲು ಇನ್ನ ಮಡಚಂಗಿಲ್ಲಂತ.”

ಅವ್ವ ಮಂಚದ ಮೇಲೆ ಕೂತು, ಬೀಗರ ಮುಂದೆ, ನನ್ನ ಮುಂದೆ, ಅವನ ಕೈ ಹಿಡಿದುಕೊಂಡಳು. ಹಾಗೆ ಹಿಡಿದದ್ದನ್ನು ನಾನು ಹುಟ್ಟಿ ಅದೇ ಮೊದಲು ನೋಡಿದ್ದು.

“ಆತು, ಸುತ್ರಿ. ಆದ್ರ ಬುಡ ಯಾವ ಕಡೆ ಅಂತ ಮೊದಲ ಹೇಳಿ ಸುತ್ರಿ” ಎಂದಳು. ಕಣ್ಣೀರು ದಳದಳ ಇಳಿಯುತ್ತಿದ್ದರೂ ಗದರಿಸಿಯೇ ಹೇಳಿದಳು.